ಕೆಂಚಗೇರಿ ಹೆದ್ದಾರಿಯ ಊಟದ ಹೊತ್ತು

ಎಣಿಕೆ ಶಕೆ ನೂರ ಅರವತ್ನಾಲ್ಕು, ಹದಿಮೂರನೆಯ ತಿಂಗಳ ಮೊದಲ ಸೋಮವಾರ
ಮೇಲಿನ ಓಣಿ, ಕೆಂಚಗೇರಿ

ಯಮನಪ್ಪ ಮುತ್ಯಾನಿಗೂ ದ್ಯಾಮವ್ವ ಆಯಿಗೂ ನಿಮ್ಮ ಮಗನ ಮೊಮ್ಮಗನ ಮೊಮ್ಮಗಳು ತೋಟವ್ವ ಬರೆಯುವುದು.

ಮೇಲಿನ ತಾರೀಖು ನೋಡಿ, ಯಾರೋ ತಲೆಕೆಟ್ಟವರ ಕೆಲಸವೆಂದು ಈ ಕಾಗದವನ್ನು ಒಲೆಗೆ ಹಾಕಬೇಡಿ. ನಿಮ್ಮ ಕಾಲದಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳೆಂದು ನನಗೆ ಗೊತ್ತಿದೆ. ನಮ್ಮಲ್ಲಿ ರಸ್ತೆ ದುರಸ್ತಿಗೆಂದು ಇನ್ನೊಂದು ತಿಂಗಳು ಸೇರಿಸಿದ್ದಾರೆ. ತಿಂಗಳು ತಪ್ಪದೆ ಬರುತ್ತದೆ, ದುರಸ್ತಿಯನ್ನು ನಾನು ಈವರೆಗೆ ಕಂಡಿಲ್ಲ. ವರ್ಷಗಳನ್ನು ನಾವು ಲೆಕ್ಕ ಹಿಡಿಯುವುದು ನಾಡಿನ ರಸ್ತೆಗಳ ಮೇಲೆ ಸರ್ಕಾರದವರು ಕೂತು ಗಾಡಿ ಎಣಿಸಿದ ವರ್ಷದಿಂದ. ಅಂದರೆ ನಿಮಗೆ ನಾಳೆಯಿಂದ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಬೇಸರಿಸಬೇಡಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಒರಟು ಶಬ್ದಗಳೂ ಬರುತ್ತವೆ. ಅವಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ.

ಈ ಕಾಗದ ಬಂದದ್ದು ಹಿಂದಂಚೆಯಲ್ಲಿ. ಹಿಂದಂಚೆ ಅಂದರೆ ಸತ್ತವರಿಗೆ ಅವರು ಬದುಕಿದ್ದಾಗಲೇ ತಲುಪುವ ಅಂಚೆ. ಕಾಗದದ ಜಾಗ ಬದಲಾಗುವುದಿಲ್ಲ, ಕಾಲ ಬದಲಾಗುತ್ತದೆ. ಅದಕ್ಕೇ ನೀವು ಇದನ್ನು ಊರ ನಡುವಿನ ಕಿಲೋಮೀಟರ್ ಕಲ್ಲಿನ ಬುಡದಲ್ಲಿ ಕಂಡಿರಿ, ನಾನು ಇಟ್ಟದ್ದೂ ಅಲ್ಲೇ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದಕ್ಕೆ ಅಪ್ಪಣೆ. ಉತ್ತರ ಬರುವ ಪದ್ಧತಿ ಇಲ್ಲ. ನಮ್ಮ ಓಣಿಯವರೆಲ್ಲ ಆ ಒಂದು ಕಾಗದವನ್ನು ಹೆತ್ತ ತಾಯಿಗೆ ಬರೆಯಲೆಂದು ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ನಾನೂ ಹಾಗೇ ಇಟ್ಟುಕೊಂಡಿದ್ದೆ. ಈಗ ಅದನ್ನು ನಿಮಗಾಗಿ ಖರ್ಚು ಮಾಡುತ್ತಿದ್ದೇನೆ, ಅದೂ ಬೈಯಲಿಕ್ಕೆ. ಆಯಿಗೆ ಓದು ಬರುತ್ತಿತ್ತು, ಮುತ್ಯಾನಿಗೆ ಇಲ್ಲ ಎಂದು ಕೇಳಿದ್ದೇನೆ. ಆಯಿ, ಹಾಗಾದರೆ ನೀನೇ ಓದು. ಎಲ್ಲವನ್ನೂ ಅವನಿಗೆ ಓದಿ ಹೇಳಬೇಕೆಂದಿಲ್ಲ.

ಮೊದಲು ರಸ್ತೆಯ ಮಾತು. ನಿಮಗೆ ಅದು ಮನೆ ಮುಂದಿನ ರಸ್ತೆ, ನಮಗೆ ಶಾಲೆಯ ಪಾಠ. ಬಾಯಿಪಾಠ ಬಾರದಿದ್ದರೆ ಮಾಸ್ತರು ಕಿವಿ ಹಿಂಡುತ್ತಿದ್ದರು. ಅದು ಹೊನ್ನಿಗನಾಳದ ಹತ್ತಿ ಪೇಟೆಯ ಹಿಂದೆ, ಹತ್ತಿ ಬಿಡಿಸುವ ಜಿನ್ನಿನ ಗೋಡೆ ಮುಗಿಯುವಲ್ಲಿ ಶುರುವಾಗುತ್ತದೆ. ಎರೆ ಹೊಲಗಳ ನಡುವೆ ಮೂಡಣಕ್ಕೆ ಹೋಗಿ ಸವುಳು ಹಳ್ಳಕ್ಕೆ ಇಳಿಯುತ್ತದೆ. ಹಳ್ಳ ದಾಟಿ ಪರಸಿ ಕಲ್ಲಿನ ಗಣಿ ಏರಿ, ಅಲ್ಲಿಂದ ದರ್ಗಾದ ಬೇವಿನ ಗಿಡವನ್ನು ಸುತ್ತುಹಾಕಿ ನಮ್ಮ ಕೆಂಚಗೇರಿಗೆ ಬರುತ್ತದೆ. ಊರನ್ನು ಮೇಲಿನ ಓಣಿ, ಕೆಳಗಿನ ಓಣಿ ಎಂದು ಎರಡು ಮಾಡಿ, ಕುಸುಬಿ ಹೊಲಗಳಲ್ಲಿ ನೆಟ್ಟಗೆ ಓಡಿ, ಬಿಳೇಕಲ್ಲಿನ ರೈಲು ನಿಲ್ದಾಣದ ಬಳಿ ದೊಡ್ಡ ರಸ್ತೆಗೆ ಸೇರುತ್ತದೆ. ಎಲ್ಲ ಸೇರಿ ಹತ್ತೊಂಬತ್ತು ಕಿಲೋಮೀಟರ್. ಇಷ್ಟು ಗಿಡ್ಡ ರಸ್ತೆಗೆ ರಾಜ್ಯ ಹೆದ್ದಾರಿ ಎಂಬ ದೊಡ್ಡ ಹೆಸರು ಹೇಗೆ ಬಂತು ಎನ್ನುವುದೇ ಪಾಠದ ಮುಖ್ಯ ಪ್ರಶ್ನೆ. ಉತ್ತರ ಬರೆಯುವಾಗ ನಾನು ಎದೆಯುಬ್ಬಿಸುತ್ತಿದ್ದೆ, ಉತ್ತರದಲ್ಲಿ ನಿಮ್ಮಿಬ್ಬರ ಹೆಸರು ಇತ್ತಲ್ಲ.

ಮೊದಲಿಗೆ ಅದು ಬುತ್ತಿಯ ಹಾದಿ. ಹೊನ್ನಿಗನಾಳದವರು ಕೆಂಚಗೇರಿಗೆ ಹೆಣ್ಣು ಕೊಡುತ್ತಿದ್ದರು. ಮಗಳು ಬಸುರಾದರೆ ತವರಿನವರು ಬಂಡಿ ಕಟ್ಟಿ ಕುಬುಸದ ಬುತ್ತಿ ತರುತ್ತಿದ್ದರು: ಎಳ್ಳು ಹಚ್ಚಿದ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಮೊಸರು ಕಲಸಿದ ಬಾನ. ಆಮೇಲೆ ಬರಗಾಲದ ಕಾಮಗಾರಿಯಲ್ಲಿ ಕಲ್ಲಿನ ಕಡಿ ಹಾಕಿದರು. ಅದಾದ ಮೇಲೆ ಅರ್ಧಕ್ಕರ್ಧ ಡಾಂಬರು ಬಂತು, ಬಸ್ಸು ಬಂತು. ಬಸ್ಸು ಮಾತ್ರ ಹಳ್ಳದ ತನಕ ಬಂದು ತಿರುಗಿ ಹೋಗುತ್ತಿತ್ತು. ಆಯಿ, ನಿನ್ನ ಚೊಚ್ಚಲ ಬಸುರಿನಲ್ಲಿ ನಿನ್ನ ಅವ್ವ ತಂದ ಬುತ್ತಿ ತುಂಬಿದ ಹಳ್ಳದ ಆಚೆ ದಂಡೆಯಲ್ಲೇ ಉಳಿಯಿತಂತೆ. ನೀರು ಇಳಿಯುವಷ್ಟರಲ್ಲಿ ಎಲ್ಲ ಹಳಸಿ, ನಿನ್ನ ಅವ್ವ ಅದನ್ನು ಎತ್ತಿಗೆ ಹಾಕಿ ಅಳುತ್ತ ಹಿಂದಿರುಗಿದಳಂತೆ. ಈ ರಸ್ತೆ ಹೆದ್ದಾರಿಯಾಗಲೇಬೇಕು, ಹಳ್ಳಕ್ಕೆ ಸೇತುವೆ ಬರಲೇಬೇಕು ಎಂದು ನೀನು ಹಟ ಹಿಡಿದದ್ದು ಆವತ್ತಿನಿಂದ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಹೆದ್ದಾರಿಯಾಗಲು ಗಾಡಿಗಳು ಸಾಕಷ್ಟು ಓಡಾಡಬೇಕು, ಅದಕ್ಕೆ ಒಂದು ವಾರ ಎಣಿಕೆ ಎಂದು ಸರ್ಕಾರದವರು ಹೇಳಿದರು. ನಿನ್ನೆ ಸಂಜೆ ದರ್ಗಾದ ಕಟ್ಟೆಯ ಮೇಲೆ ನೀವೆಲ್ಲ ಕೂತು ಮಾಡಿದ ಹಂಚಿಕೆ ನನಗೆ ಗೊತ್ತಿದೆ. ಇದ್ದ ಗಾಡಿಗಳನ್ನೇ ತಿರುಗಿಸಿ ತಿರುಗಿಸಿ ಓಡಿಸುವುದು! ಎಣಿಸುವವರು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಗಾಡಿಗೊಂದು ಗೆರೆ ಎಳೆಯುತ್ತಿದ್ದರೆ, ನೀವು ಗಣಿಯ ಹಿಂದಿನಿಂದ ಬಳಸಿ ಮತ್ತೆ ಅದೇ ಕಡೆಯಿಂದ ಬರುವುದು. ಬಂಡಿಗೆ ಒಮ್ಮೆ ಮೇವು ಹೇರುವುದು, ಒಮ್ಮೆ ಖಾಲಿ. ಹಗಲಿಗೊಬ್ಬರು, ರಾತ್ರಿಗೊಬ್ಬರು ಪಾಳಿ. ಮುತ್ಯಾ ಟ್ರ್ಯಾಕ್ಟರಿನ ಮೇಲೆ ಸುತ್ತಿಗೊಂದು ರುಮಾಲು ಬದಲಿಸಿದನಂತೆ. ಮಧ್ಯಾಹ್ನ ಉಳಿದವರೆಲ್ಲ ಗಾಡಿ ನಿಲ್ಲಿಸಿ ಉಣ್ಣಲು ಹೋದರೂ ಅವನೊಬ್ಬ ನಿಲ್ಲಲಿಲ್ಲ. ಆಯಿ, ನೀನು ಈ ಕಿಲೋಮೀಟರ್ ಕಲ್ಲಿನ ಮೇಲೆ ಹತ್ತಿ ನಿಂತು, ಓಡುವ ಟ್ರ್ಯಾಕ್ಟರಿಗೆ ರೊಟ್ಟಿ ಸುರುಳಿ ಸುತ್ತಿ ಕೊಡುತ್ತಿದ್ದೆ. ನನ್ನ ಅಜ್ಜಿ ಇದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ‘ನಮ್ಮ ಮುತ್ಯಾ ಉಣ್ಣಾಕ ಸೈತ ಕೆಳಗ ಇಳೀಲಿಲ್ಲ ನೋಡು!’ ಎನ್ನುತ್ತಿದ್ದಳು. ವರ್ಷಕ್ಕೊಮ್ಮೆ ಸುತ್ತಿನ ವಾರ ಎಂದು ಹಬ್ಬವನ್ನೇ ಮಾಡುತ್ತೇವೆ. ಊರ ಒಳಗಿನ ಬಯಲಿನಲ್ಲಿ ಗಂಡಸರು ಗಾಡಿ ಸುತ್ತಿಸುತ್ತಾರೆ, ಹೆಂಗಸರು ಓಡುವ ಗಾಡಿಗೆ ರೊಟ್ಟಿ ಕೊಡುತ್ತಾರೆ. ಸಣ್ಣವಳಿದ್ದಾಗ ಆ ರೊಟ್ಟಿ ಕೊಡುವ ಆಟದಲ್ಲಿ ನಾನೇ ದ್ಯಾಮವ್ವ.

ನೀವು ಗೆದ್ದಿರಿ. ಹೆದ್ದಾರಿ ಬಂತು, ಸೇತುವೆ ಬಂತು, ಊರಿಗೆ ಬಸ್ಸು ಬಂತು. ನಿಮಗೆ ಒಳ್ಳೆಯದೇ ಆಯಿತು, ಬಿಡಿ.

ನಿಮ್ಮ ಮೊಮ್ಮಕ್ಕಳ ಕಾಲಕ್ಕೆ ದೊಡ್ಡ ಗೊಂದಲ ಎದ್ದಿತು. ಯಾವ ರಸ್ತೆಗೆ ಎಷ್ಟು ಗಾಡಿ, ಎಷ್ಟು ನೀರು, ಎಷ್ಟು ಬೆಳಕು ಎಂದು ಊರೂರಿಗೆ ಜಗಳ ಹತ್ತಿ, ಯಾರ ಲೆಕ್ಕವನ್ನೂ ಯಾರೂ ನಂಬದಂತಾಯಿತು. ಕೊನೆಗೆ ಎಲ್ಲರೂ ಒಪ್ಪಿದ್ದು ಹಳೆಯ ಎಣಿಕೆಯೊಂದನ್ನೇ, ಅದರಲ್ಲಿ ಯಾರ ಕೈವಾಡವೂ ಇಲ್ಲವೆಂಬ ನಂಬಿಕೆಯಿಂದ. ಈ ಮಾತು ಓದಿ ನೀವು ನಗುತ್ತಿದ್ದರೆ ನಗಿರಿ. ಆ ಎಣಿಕೆಯನ್ನು ಯಂತ್ರವೊಂದರ ಕೈಗೆ ಕೊಟ್ಟರು. ನಾವು ಅದಕ್ಕೆ ದಾರಿಗೌಡ ಎನ್ನುತ್ತೇವೆ. ಯಾವ ರಸ್ತೆಯ ಮೇಲೆ ಯಾವ ತಾಸಿನಲ್ಲಿ ಎಷ್ಟು ಗಾಡಿ ಎಂದು ಹಳೆಯ ಗೆರೆಗಳನ್ನು ನೋಡುತ್ತದೆ, ವರ್ಷ ವರ್ಷ ಇಷ್ಟಿಷ್ಟು ಬೆಳೆದಿರಲೇಬೇಕೆಂದು ಬಡ್ಡಿಯ ಮೇಲೆ ಬಡ್ಡಿ ಏರಿಸಿದಂತೆ ಏರಿಸುತ್ತದೆ, ಅಷ್ಟು ಗಾಡಿಗಳನ್ನು ಓಡಿಸುತ್ತದೆ. ಹೋಗುವ ಜನ ಇಲ್ಲದಿದ್ದರೆ ಬರಿಗಾಡಿಗಳನ್ನೇ ಬಿಡುತ್ತದೆ. ಬರಿಗಾಡಿಯಲ್ಲಿ ಆಳಿಲ್ಲ, ಸರಕಿಲ್ಲ, ನಿಲ್ಲುವ ಬುದ್ಧಿಯಿಲ್ಲ. ನಿಮ್ಮ ಸುಳ್ಳು ಸುತ್ತುಗಳು ಇಷ್ಟು ವರ್ಷದಲ್ಲಿ ಬೆಳೆದು ಬೆಳೆದು, ನಮ್ಮ ಊರ ನಡುವೆ ಈಗ ಗಾಡಿಗೂ ಗಾಡಿಗೂ ನಡುವೆ ಕೋಳಿ ಕೂಡ ದಾಟುವಂತಿಲ್ಲ. ಮೇಲೆ ಸೇತುವೆ ಕಟ್ಟುವ ಹಾಗಿಲ್ಲ, ಕೆಳಗೆ ಕೊರೆಯುವ ಹಾಗಿಲ್ಲ. ರಸ್ತೆಯ ಮೇಲಿನ ಆಕಾಶವೂ ಕೆಳಗಿನ ನೆಲವೂ ದಾರಿಗೌಡನ ಪಾಲು.

ದಾಟಲು ಒಂದೇ ಉಪಾಯ, ಬಿಡುವು. ಹಳೆಯ ಎಣಿಕೆಯಲ್ಲಿ ಯಾವ ತಾಸಿನಲ್ಲಿ ಒಂದೂ ಗೆರೆ ಇಲ್ಲವೋ ಆ ತಾಸಿನಲ್ಲಿ ಇಂದಿಗೂ ಗಾಡಿ ಇಲ್ಲ, ಏಕೆಂದರೆ ಸೊನ್ನೆಯನ್ನು ದಾರಿಗೌಡ ಎಷ್ಟು ಬೆಳೆಸಿದರೂ ಅದು ಸೊನ್ನೆ. ನಮ್ಮ ರಸ್ತೆಯ ಎರಡು ತುದಿಗಳಿಗೂ ಈಗ ಇಂಥವೇ ರಸ್ತೆಗಳು ಕೂಡಿರುವುದರಿಂದ ಬಳಸಿ ಹೋಗಲೂ ಆಗದು; ಹತ್ತಿರದ ಬಿಡುವೆಂದರೆ ದೊಡ್ಡ ರಸ್ತೆಯ ಮೇಲೆ ದೂರದಲ್ಲಿರುವ ಮಾವಿನಟ್ಟಿ ಎಂಬ ಊರಿನದು. ಅಲ್ಲಿಯವರು ಶುದ್ಧ ಸೋಮಾರಿಗಳಂತೆ, ಎಣಿಕೆಯ ವಾರವೂ ಮಧ್ಯಾಹ್ನ ಉಂಡು ಗೊರಕೆ ಹೊಡೆದರಂತೆ. ಅವರ ಮರಿಮಕ್ಕಳು ದಿನಾ ಮಧ್ಯಾಹ್ನ ಎರಡು ತಾಸು ಆರಾಮಾಗಿ ರಸ್ತೆ ದಾಟುತ್ತಾರೆ, ನಡುರಸ್ತೆಯಲ್ಲಿ ನಿಂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ನಮ್ಮ ಮೇಲಿನ ಓಣಿಯಿಂದ ಕೆಳಗಿನ ಓಣಿಗೆ ಹೋಗಬೇಕಾದರೆ ಮಾವಿನಟ್ಟಿಗೆ ಹೋಗಿ ದಾಟಿ ಬರಬೇಕು. ಗಟ್ಟಿ ಕಾಲಿನವರಿಗೆ ನಾಲ್ಕು ದಿನದ ಹಾದಿ. ನನ್ನ ಮೊಣಕಾಲು ಹೋಗಿ ಮೂರು ವರ್ಷವಾಯಿತು.

ಇನ್ನು ನಮ್ಮ ದಿನಗಳು ಹೇಗಿವೆ ಎಂದರೆ, ಗೋಡೆಗೆ ಏನನ್ನೂ ತೂಗುಹಾಕುವುದಿಲ್ಲ, ನಡುಗಿ ಬೀಳುತ್ತದೆ. ಹಾಲಿಗೆ ಕೆನೆ ಕಟ್ಟುವುದಿಲ್ಲ. ಕೂಸುಗಳು ಸದ್ದಿನಲ್ಲಿ ಹುಟ್ಟಿ ಸದ್ದಿನಲ್ಲೇ ಮಲಗುತ್ತವೆ. ಎದುರು ಓಣಿಯವರೊಂದಿಗೆ ಮಾತೆಂದರೆ ಅರಿವೆಯ ಮಾತು: ಹಸಿರು ಅರಿವೆ ಎತ್ತಿದರೆ ಎಲ್ಲ ಸೌಖ್ಯ, ಕೆಂಪು ಎತ್ತಿದರೆ ಜ್ವರ, ಬಿಳಿಯದು ಎತ್ತುವ ದಿನ ಯಾರಿಗೂ ಬೇಡ. ಗಾಡಿ ಗಾಡಿಯ ಸಂದಿನಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಕಾಣುವುದನ್ನು ಜೋಡಿಸಿಕೊಂಡು ನೋಡಲು ನಮ್ಮ ಕಣ್ಣು ಪಳಗಿವೆ. ಹಾಗೆ ನೋಡುತ್ತಲೇ ಕೆಳಗಿನ ಓಣಿಯ ಹುಡುಗನೊಬ್ಬ ನನ್ನ ಮಗಳು ಸಿರಿಗೌರಿಯನ್ನು ಮೆಚ್ಚಿದ. ಹುಡುಗ ಒಳ್ಳೆಯವನು, ಮನೆತನವೂ ಒಳ್ಳೆಯದು, ಇಲ್ಲವೆನ್ನಲು ಆಗಲಿಲ್ಲ. ಮದುವೆ ಮಾವಿನಟ್ಟಿಯಲ್ಲೇ ಆಯಿತು. ನನ್ನ ಕಾಲಿಗೆ ಅಲ್ಲಿಗೂ ಹೋಗಲಾಗಲಿಲ್ಲ. ಮಗಳು ಅಳುತ್ತ ಹೋಗಿ, ನಾಲ್ಕು ದಿನ ನಡೆದು, ನನ್ನ ಮನೆಯ ಎದುರು ಮನೆಗೆ ಹೊಕ್ಕಳು.

ಈಗ ಅವಳು ಬಸುರಿ. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ಹೋಗಲಿ; ಕುಬುಸದ ಬುತ್ತಿಯನ್ನಾದರೂ ಕೊಡಬೇಕು ಎಂದು ಜೀವ ಹಾತೊರೆಯಿತು. ಯಾರ ಕೈಯಲ್ಲಾದರೂ ಮಾವಿನಟ್ಟಿಗೆ ಕಳಿಸಿದರೆ ನಾಲ್ಕನೆಯ ದಿನಕ್ಕೆ ಅದರ ಗತಿ ಏನೆಂದು, ಆಯಿ, ನಿನಗೆ ನಾನು ಹೇಳಬೇಕೇ. ಆಗಲೇ ಮರುಎಣಿಕೆಯ ಸುದ್ದಿ ಬಂತು. ನಲವತ್ತು ವರ್ಷಕ್ಕೊಮ್ಮೆ ಒಂದೇ ಒಂದು ತಾಸು, ಮಧ್ಯಾಹ್ನದ ಊಟದ ತಾಸು, ದಾರಿಗೌಡ ಬರಿಗಾಡಿಗಳನ್ನೆಲ್ಲ ಹಿಂದಕ್ಕೆ ಕರೆದುಕೊಂಡು ರಸ್ತೆಯನ್ನು ಊರವರ ಕೈಗೆ ಬಿಟ್ಟು ನೋಡುತ್ತದೆ. ಆ ತಾಸಿನಲ್ಲಿ ಗಾಡಿಯಾಗಲಿ, ದನವಾಗಲಿ, ಮನುಷ್ಯನ ಕಾಲಾಗಲಿ ರಸ್ತೆಗೆ ಬೀಳದಿದ್ದರೆ ಆ ತಾಸು ಇನ್ನು ಮುಂದೆ ದಿನಾ ಬಿಡುವು. ನಾನು ಕುಂಟುತ್ತ ಮನೆ ಮನೆಗೆ ಹೋಗಿ ಮಾತು ತೆಗೆದುಕೊಂಡೆ. ಹೊನ್ನಿಗನಾಳದಿಂದ ಬಿಳೇಕಲ್ಲಿನ ತನಕ ಹೇಳಿಕಳಿಸಿದೆ. ಎಲ್ಲರಿಗಿಂತ ಮೊದಲು ನನ್ನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟವನು ನನ್ನ ತಮ್ಮ ಬರಮಪ್ಪ.

ಆ ದಿನ ಬಂತು. ಬೆಳಗಿನಿಂದ ಬಡಿದ ರೊಟ್ಟಿ, ಎಣಗಾಯಿ, ಹೋಳಿಗೆ ಎಲ್ಲ ಬುತ್ತಿ ಕಟ್ಟಿ ಈ ಕಲ್ಲಿನ ಮೇಲಿಟ್ಟು ನಿಂತೆ. ಮಧ್ಯಾಹ್ನವಾಗುತ್ತಲೇ ಗಾಡಿಗಳು ನಿಂತವು. ಅಬ್ಬಾ, ಆ ಸುಮ್ಮನಾದದ್ದು! ಓಣಿಯ ಕೂಸುಗಳೆಲ್ಲ ಎಚ್ಚರಾಗಿ ಅಳಲಿಕ್ಕೆ ಹತ್ತಿದವು. ಎದುರಿಗೆ ಸಿರಿಗೌರಿ, ಇಡಿಯಾಗಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಹತ್ತು ಹೆಜ್ಜೆ ದೂರ. ‘ಅವ್ವಾ, ಏನೇನ್ ತಂದೀ?’ ಎಂದು ಕೂಗಿದಳು. ಮದುವೆಯಾದ ಮೇಲೆ ನಾನು ಅವಳ ದನಿ ಕೇಳಿದ್ದು ಅದೇ ಮೊದಲು. ಹೆಜ್ಜೆ ಇಟ್ಟುಬಿಡಲೇ ಅನ್ನಿಸಿತು. ಇಟ್ಟರೆ ಅದೂ ಎಣಿಕೆಗೆ ಸೇರುತ್ತದೆ. ಈ ಒಂದು ತಾಸು ಹಲ್ಲು ಕಚ್ಚಿದರೆ ದಿನಾ ದಾಟಬಹುದು, ಬಾಣಂತನ ಮಾಡಬಹುದು, ಮೊಮ್ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯಬಹುದು. ‘ಎಲ್ಲಾ ತಂದೀನಿ, ಒಂಚೂರು ತಡಿ ನನ್ನವ್ವಾ, ಈ ತಾಸು ಮುಗೀಲಿ’ ಎಂದೆ. ಅವಳು ತಡೆದಳು. ನಾನೂ ತಡೆದೆ.

ತಾಸು ಮುಗಿಯಲು ಇನ್ನೇನು ಸ್ವಲ್ಪ ಉಳಿದಿತ್ತು, ಗಣಿಯ ಕಡೆಯಿಂದ ಹಲಗೆ ಬಡಿಯುವ ಸದ್ದು. ನೋಡಿದರೆ ಬರಮಪ್ಪ! ತಲೆಗೆ ಹೊಸ ರುಮಾಲು ಸುತ್ತಿ, ಗಾಡಿಗೆ ಹೂವಿನ ಸರ ಕಟ್ಟಿ, ನಡುರಸ್ತೆಯಲ್ಲಿ ಬರುತ್ತಿದ್ದಾನೆ. ಅವನ ಹಿಂದೆ ಹೊನ್ನಿಗನಾಳದವರ ಸಾಲು. ಹೋದರು, ಗಣಿ ಬಳಸಿದರು, ಮತ್ತೆ ಅದೇ ಕಡೆಯಿಂದ ಬಂದರು. ನಾನು ರಸ್ತೆಯ ಅಂಚಿನಲ್ಲಿ ಕುಂಟುತ್ತ ಓಡಿದೆ, ಕೂಗಿದೆ, ಬಾಯಿಗೆ ಬಂದದ್ದನ್ನೆಲ್ಲ ಬೈದೆ. ತಿರುಗಿ ನೋಡಿದರೆ ಅವನ ಹೆಂಡತಿ ಕಸ್ತೂರಿ ಕಲ್ಲಿನ ಮೇಲೆ ಹತ್ತಿ ನಿಂತಿದ್ದಾಳೆ. ನನ್ನ ಬುತ್ತಿಯ ಗಂಟು ಬಿಚ್ಚಿದ್ದಾಳೆ. ಮಗಳಿಗೆಂದು ಬಡಿದ ಎಳ್ಳಿನ ರೊಟ್ಟಿಯನ್ನು ಸುರುಳಿ ಸುತ್ತಿ ಓಡುವ ಗಾಡಿಗೆ ಕೊಡುತ್ತಿದ್ದಾಳೆ, ಹಬ್ಬದಲ್ಲಿ ಕೊಡುವಂತೆ, ನೀನು ಕೊಟ್ಟಂತೆ. ಅವನು ತಿನ್ನುತ್ತ ಹೋದ. ಎಣಿಕೆ ಹೇಗೂ ಕೆಟ್ಟಿತು, ಇನ್ನು ದಾಟಬಹುದಲ್ಲ ಎಂದು ಹೊಳೆದು ನಾನು ಕಲ್ಲಿನ ಹತ್ತಿರ ಬರುವಷ್ಟರಲ್ಲಿ ತಾಸು ಮುಗಿದು ಬರಿಗಾಡಿಗಳು ನುಗ್ಗಿದವು. ಗಾಡಿಗಳ ಸಂದಿನಲ್ಲಿ ಮಗಳು ಇನ್ನೂ ಕೈ ಚಾಚಿಕೊಂಡೇ ನಿಂತದ್ದು ಕಂಡಿತು.

ಸಂಜೆ ಅವನ ಮನೆಗೆ ಹೋಗಿ ಕೇಳಿದೆ, ಯಾಕೋ, ನಿನಗೆ ನಾನು ಏನು ಅನ್ಯಾಯ ಮಾಡಿದ್ದೆ ಎಂದು. ಬಿಡುವು ಸಿಕ್ಕರೆ ಹೆದ್ದಾರಿಯ ಹೆಸರು ಹೋಗುತ್ತದೆ, ಹೆಸರು ಹೋದರೆ ಊರಿನ ನೀರು ಬೆಳಕು ಕಡಿಮೆಯಾಗುತ್ತದೆ ಎಂದು ಹೊನ್ನಿಗನಾಳದವರು ಅವನ ತಲೆಗೆ ತುಂಬಿದ್ದರು. ಅದು ಸುಳ್ಳು, ಮಾವಿನಟ್ಟಿಯವರಿಗೇನು ಕಡಿಮೆಯಾಗಿದೆ ಎಂದೆ. ಆಗ ಅವನು ತಲೆ ಎತ್ತಿ, ‘ಅಕ್ಕಾ, ನಮ್ಮ ಮುತ್ಯಾ ನಿಂತಿದ್ದೇನು? ಮತ್ತ ನಾ ಯಾಕ ನಿಂದರ್ಲಿ?’ ಎಂದ. ನಾಚಿಕೆಯಿಂದ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದ. ಆ ಮಾತನ್ನು ಅವನಿಗೆ ಕಲಿಸಿದವಳು ನಮ್ಮ ಅಜ್ಜಿ, ಅವಳಿಗೆ ಕಲಿಸಿದವರು ನೀವು.

ಆದ್ದರಿಂದ ಮುತ್ಯಾ, ಆಯಿ, ನಿಮ್ಮ ಮೇಲೆ ನನಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಷ್ಟು ಸಿಟ್ಟಿದೆ. ನಾನು ಯಾರ ಹೆಸರು ಹೇಳಿಕೊಂಡು ಬೆಳೆದೆನೋ ಅವರೇ ನನ್ನ ಮಗಳನ್ನು ನನ್ನಿಂದ ದೂರ ಮಾಡಿದರಲ್ಲ! ಬುತ್ತಿ ತಲುಪಲೆಂದು ಮಾಡಿದ ರಸ್ತೆ ಹತ್ತು ಹೆಜ್ಜೆಯ ಬುತ್ತಿಯನ್ನು ತಡೆಯಿತಲ್ಲ! ಎಷ್ಟು ಹಾಡಿ ಹೊಗಳಿದೆವು ನಿಮ್ಮನ್ನು, ಕುರುಡರ ಹಾಗೆ.

ನಾಳೆ ಸುತ್ತಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವವರಲ್ಲ, ನಮ್ಮ ಮನೆತನದ ಹಟ ನನಗೆ ಗೊತ್ತಿಲ್ಲವೇ. ನಿಮಗೆ ಸೇತುವೆ ಬೇಕು, ಸುತ್ತಿರಿ. ಹಗಲೆಲ್ಲ ಸುತ್ತಿರಿ, ರಾತ್ರಿಯೆಲ್ಲ ಸುತ್ತಿರಿ, ಊರಿನ ದನವನ್ನೆಲ್ಲ ಹೊಡೆದುಕೊಂಡು ಬನ್ನಿರಿ. ಆ ಹಳೆಯ ಗೆರೆಗಳನ್ನು ನಾನು ತೆಗೆಸಿ ನೋಡಿದ್ದೇನೆ. ಮಧ್ಯಾಹ್ನದ ಊಟದ ತಾಸಿನಲ್ಲಿ ಬಸ್ಸಿಲ್ಲ, ಬಂಡಿಯಿಲ್ಲ, ಬಿಸಿಲಿಗೆ ಹೆದರಿ ಯಾರೂ ಹೊರಗೆ ಬಿದ್ದಿಲ್ಲ. ಏಳೂ ದಿನ ಆ ತಾಸಿನಲ್ಲಿ ಇರುವ ಗೆರೆಗಳೆಲ್ಲ ಒಂದೇ ಟ್ರ್ಯಾಕ್ಟರಿನವು. ಅವನ್ನು ತೆಗೆದು ಲೆಕ್ಕ ಹಾಕಿಸಿದೆ. ಅವು ಇಲ್ಲದೆಯೂ ನಿಮ್ಮ ಹೆದ್ದಾರಿ ಆಗುತ್ತದೆ, ಸೇತುವೆ ಬರುತ್ತದೆ. ಆ ತಾಸು ಸೊನ್ನೆಯಾಗಿದ್ದರೆ ಸಾಕಿತ್ತು.

ಮುತ್ಯಾ ನಿಲ್ಲುವುದಿಲ್ಲ. ಅದಕ್ಕೇ ಆಯಿ, ಈ ಮಾತು ನಿನಗೆ. ನಾಳೆ ಮಧ್ಯಾಹ್ನ ನೀನು ಕಲ್ಲಿನ ಮೇಲೆ ನಿಂತಿರುತ್ತೀ, ಟ್ರ್ಯಾಕ್ಟರ್ ಬರುತ್ತದೆ, ಅವನು ಕೈ ಚಾಚುತ್ತಾನೆ. ಕೊಡಬೇಡ. ರೊಟ್ಟಿಯನ್ನು ಸೆರಗಿನೊಳಗೆ ಹಿಡಿದುಕೋ. ‘ಇಳದ ಬಂದ್ರ ಊಟ, ಇಲ್ಲಾಂದ್ರ ಉಪಾಸ’ ಅನ್ನು. ಅವನು ಒಂದು ಸುತ್ತು ಬೈಯುತ್ತ ಹೋಗುತ್ತಾನೆ, ಎರಡನೆಯ ಸುತ್ತಿಗೆ ಗೋಗರೆಯುತ್ತಾನೆ. ಅವನ ಹಸಿವು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೊದಲ ದಿನ ಆ ಒಂದೆರಡು ಗೆರೆ ಬೀಳದಂತೆ ಮುಂಚೆಯೇ ಹೋಗಿ ನಿಲ್ಲು, ಉಳಿದ ದಿನಗಳಲ್ಲಿ ಅವನೇ ಹೊತ್ತಿಗೆ ಸರಿಯಾಗಿ ಇಳಿದು ಬರುತ್ತಾನೆ. ಹಳ್ಳದ ಆಚೆ ದಂಡೆಯಲ್ಲಿ ನಿನ್ನ ಅವ್ವ ಕೂತಿದ್ದಳಲ್ಲ, ಅವಳನ್ನು ನೆನೆಸಿಕೋ. ಇನ್ನೇನೂ ಬೇಡ.

ಹಿಂದಂಚೆಯ ಇನ್ನೊಂದು ನಿಯಮ ಹೇಳದೆ ಇರಲಾರೆ. ನೀವು ಮಾತು ನಡೆಸಿಕೊಟ್ಟರೆ ನಮಗೆ ಅದು ತಿಳಿಯುವುದಿಲ್ಲ. ಮೊದಲಿನಿಂದಲೂ ಹಾಗೇ ಇತ್ತು ಅನ್ನಿಸುತ್ತದೆ. ನಿನಗೆ ನನ್ನಿಂದ ಒಂದು ಒಳ್ಳೆಯ ಮಾತೂ ಬರುವುದಿಲ್ಲ. ಬರಮಪ್ಪ ನನಗೆ ಬರೀ ತಮ್ಮನಾಗಿರುತ್ತಾನೆ, ಈ ಬೈಗುಳಗಳನ್ನು ನಾನು ಬೈದೇ ಇರುವುದಿಲ್ಲ, ನನ್ನ ಒಂದು ಕಾಗದ ನನ್ನ ಹತ್ತಿರವೇ ಉಳಿದಿರುತ್ತದೆ. ಅದನ್ನು ನನ್ನ ಅವ್ವನಿಗೆ ಬರೆಯುತ್ತೇನೆ.

ಸಿರಿಗೌರಿಗೆ ಒಂಬತ್ತು ತಿಂಗಳು ತುಂಬಿವೆ. ಈಗ ಮಧ್ಯಾಹ್ನವಾಗುತ್ತ ಬಂತು. ಇವತ್ತೂ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಕಲ್ಲಿನ ಪಕ್ಕ ಕೂತಿದ್ದೇನೆ. ಗಾಡಿಗಳು ಹೋಗುತ್ತಲೇ ಇವೆ. ಆಚೆ ಅವಳು ಬಾಗಿಲಿಗೆ ಬಂದು ನಿಂತಿದ್ದಾಳೆ, ಕೈಯಲ್ಲಿ ಹಸಿರು ಅರಿವೆ. ಮುತ್ಯಾಗ ಹೇಳ ಆಯೀ, ಗಾಡಿ ಬಂದ್ ಮಾಡಿ, ಕೆಳಗ ಇಳದು, ನಿನ್ನ ಬಾಜೂಕ ಕುಂತು, ಸಾವಕಾಶ ಉಣ್ಣಂತ.